ಮೊದಲ ಗುಟುಕು

ನಮ್ಮೂರ ಕೊಟ್ಟಿಗೆಯಲ್ಲಿ ಹಸು ಕರು ಹಾಕಿದರೆ ಅಜ್ಜಿ ಮೊದಲು ಕರುವನ್ನು ಕೆಚ್ಚಲಿಗೆ ಬಿಡುತ್ತಿದ್ದಳು. ನಮಗೆ ಗಿಣ್ಣು ಆಮೇಲೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನನಗೆ ಸಿಸೇರಿಯನ್ ಆಯ್ತು. "ಸಿಸ್ಟರ್, ಮಗು ಕೊಡಿ, ಹಾಲು ಕುಡಿಸ್ತೀನಿ" ಅಂದೆ. "ನಿಮಗಿನ್ನೂ ಹಾಲು ಬಂದಿಲ್ಲ ಮೇಡಂ, ಪೌಡರ್ ಹಾಲು ಕುಡಿಸಿದೀವಿ, ಮಲಗಿ" ಅಂದರು. ಮಗಳು ಕೈಗೆ ಬಂದಿದ್ದು 6 ಗಂಟೆ ಬಿಟ್ಟು. ಹುಟ್ಟಿದ 1 ಗಂಟೆಯೊಳಗೆ ಎದೆಹಾಲು ಕುಡಿಸಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಆ ಪೋಸ್ಟರ್ ನನ್ನ ವಾರ್ಡಿನ ಗೋಡೆಯ ಮೇಲೇ ಇತ್ತು.

ಆಫೀಸಿನಲ್ಲಿ ಒಂದು ಸಾಲು ಕೋಡ್ ಬದಲಿಸಲೂ ಇನ್ನೊಬ್ಬರ ಒಪ್ಪಿಗೆ ಬೇಕು. ಮಗಳ ಮೊದಲ ಗುಟುಕಿಗೆ ಹೆತ್ತವಳನ್ನೂ ಕೇಳಲಿಲ್ಲ. ಬಿಲ್ಲಿನಲ್ಲಿ ಮಾತ್ರ ಪೌಡರ್ ಡಬ್ಬಿ ಮರೆಯದೆ ಸೇರಿತ್ತು.

ಅವತ್ತು ನಾನು ಸುಮ್ಮನಾದೆ. ನೀವು ಹೆರಿಗೆಗೆ ಮುಂಚೆಯೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.