ಒಂದೇ ಹೆಸರಿದ್ದ ಹಾಜರಿ ಪುಸ್ತಕ

ಬೆಳಿಗ್ಗೆ ಹಾಜರಿ ಪುಸ್ತಕಗಳಿಗೆ ರುಜು ಹಾಕುವಾಗ, ಒಬ್ಬಳೇ ಶಿಷ್ಯೆಯಿದ್ದ ದೂರದೇಶದ ತರಗತಿಯೊಂದು ನನ್ನ ಜ್ಞಾಪಕಕ್ಕೆ ಬರುವುದುಂಟು.

ಅಮೆರಿಕಾ ದೇಶದಲ್ಲಿ ಬಿಳಿಯರ ಮಕ್ಕಳಿಗೂ ಕರಿಯರ ಮಕ್ಕಳಿಗೂ ಸಾರ್ವಜನಿಕ ಶಾಲೆಗಳನ್ನು ಬೇರೆ ಬೇರೆಯಾಗಿ ಇಡಕೂಡದೆಂದು ಅಲ್ಲಿಯ ಶ್ರೇಷ್ಠ ನ್ಯಾಯಸ್ಥಾನವು 1954ರಲ್ಲಿ ತೀರ್ಪಿತ್ತಿತು. ಆದರೂ ನ್ಯೂ ಆರ್ಲಿಯನ್ಸ್ ಪಟ್ಟಣದ ವಿಲಿಯಂ ಫ್ರಾಂಟ್ಸ್ ಪ್ರಾಥಮಿಕ ಶಾಲೆಯ ಮೆಟ್ಟಿಲನ್ನು ರೂಬಿ ಬ್ರಿಜಸ್ ಎಂಬ ಆರು ವರುಷದ ಕರಿಯ ಬಾಲಿಕೆಯು ಏರಿದ್ದು 1960ನೆಯ ನವೆಂಬರ್ 14ರಂದು. ಅದೂ ಸರಕಾರದ ಕಾವಲಿನ ನಡುವೆ. ಹೊರಗೆ ನಿಂತು ಕೂಗಾಡಿದವರಲ್ಲಿ ತಾಯಂದಿರೂ ಇದ್ದರು. ಬಹುಮಂದಿ ಬಿಳಿಯರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹೆಂಗಸೊಬ್ಬಳು ವಿಷವಿಕ್ಕುವೆನೆಂದು ಬೆದರಿಸಿದ್ದರಿಂದ ಮಗುವು ಮನೆಯ ಬುತ್ತಿಯನ್ನೇ ಉಣ್ಣಬೇಕಾಯಿತು. ತಂದೆಯ ಕೆಲಸವೂ ಹೋಯಿತು.

ಆಕೆಗೆ ಕಲಿಸಿದವರು ಬೋಸ್ಟನ್ನಿನಿಂದ ಬಂದಿದ್ದ ಬಾರ್ಬರಾ ಹೆನ್ರಿ. ವರುಷವೆಲ್ಲಾ ಇಬ್ಬರೇ. ಮಗ್ಗುಲಲ್ಲಿ ಕುಳಿತು ಓದಿಸಿದರು. ಆಟದ ಬಯಲಿಗೆ ಹೋಗುವಂತಿರಲಿಲ್ಲವಾಗಿ ಕೋಣೆಯಲ್ಲಿಯೇ ಆಡಿಸಿದರು. ಮಗುವು ಒಂದು ದಿನವೂ ತಪ್ಪಿಸಲಿಲ್ಲವಂತೆ.

ನಮ್ಮ ಹಳೆಯ ವಿದ್ಯಾರ್ಥಿನಿಯರು ನನ್ನ ಕೋಪವನ್ನು ಬಲ್ಲರು. ನನ್ನ ತಪ್ಪೊಂದನ್ನೂ ತಿಳಿಯಲಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದೂರಿನ ಶಾಲೆಯಲ್ಲಿ, ಪೋಷಕರೊಬ್ಬರ ಆಕ್ಷೇಪಣೆಗೆ ಅಂಜಿ ಒಬ್ಬ ಹುಡುಗಿಯನ್ನು ಎಬ್ಬಿಸಿ ಕಡೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದೆನು. ಜಾತಿಯೇ ಕಾರಣವೆಂಬುದು ಅವಳಿಗೂ ತಿಳಿದಿದ್ದಿತು, ನನಗೂ ತಿಳಿದಿದ್ದಿತು. ಪುಸ್ತಕಗಳನ್ನು ಎದೆಗವಚಿಕೊಂಡು, ಏನೊಂದೂ ಕೇಳದೆ ಎದ್ದು ಹೋದಳು. ನಮ್ಮ ಬಾಗಿಲಲ್ಲಿ ಕೂಗುವ ಗುಂಪೇನೂ ಇರಲಿಲ್ಲ. ಒಂದು ಚೀಟಿ ಬಂದಿದ್ದಿತು, ಅಷ್ಟೇ. ಮರುವಾರದಿಂದ ಅವಳ ಹೆಸರಿನೆದುರಿಗೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬಿದ್ದವು. ಅವನ್ನು ಹಾಕಿದವಳೂ ನಾನೇ.