ಮೈನಸ್ 196ರ ಕ್ಯಾನು

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಡೇರಿಗೆ ಬೆಳಗಿನ ಹಾಲು ಹಾಕಿ ಎಲ್ಲರೂ ಮನೆಗೆ ಮರಳಿದ್ದಾರೆ. ಮಾವಿನ ತೋಪಿನ ಪಕ್ಕದ ಕೊಟ್ಟಿಗೆಯಲ್ಲಿ ನೀವು ನಿಂತಿದ್ದೀರಿ. ಬೆದೆಗೆ ಬಂದ ಸೀಮೆಹಸು ಹಗ್ಗ ಜಗ್ಗುತ್ತಿದೆ.

"ನಿನ್ನೆ ಸಾಯಂಕಾಲದಿಂದ ಒಂದೇ ಸಮ ಅರಚ್ತೈತೆ ಡಾಕ್ಟ್ರೇ."

"ಹಂಗಾದ್ರೆ ಈಗ ಸರಿಯಾದ ಹೊತ್ತಮ್ಮ," ಎನ್ನುತ್ತಾ ಡಾಕ್ಟರು ಬೈಕಿನಿಂದ ಕ್ಯಾನು ಇಳಿಸುತ್ತಾರೆ.

ಮುಚ್ಚಳ ತೆಗೆದದ್ದೇ ತಡ, ಬಿಳಿ ಹಬೆ ಉಕ್ಕಿ ನಿಮ್ಮ ಪಾದದತ್ತ ಇಳಿಯುತ್ತದೆ. ಬಗ್ಗಿ ನೋಡಿ, ಕೈ ಹಾಕಬೇಡಿ: ಒಳಗಿರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಇಕ್ಕಳಕ್ಕೆ ಸಿಕ್ಕಿ ಮೇಲೆ ಬಂದ ವೀರ್ಯಕಡ್ಡಿ ನೇರ 37 ಡಿಗ್ರಿಯ ನೀರಿಗೆ ಬೀಳುತ್ತದೆ. ಡಾಕ್ಟರ ಕಣ್ಣು ಗಡಿಯಾರದ ಮೇಲೆ. 30 ಸೆಕೆಂಡು. ಹೆಸರಘಟ್ಟದಂಥ ವೀರ್ಯ ಕೇಂದ್ರದಲ್ಲಿ ಎಂದೋ ಸ್ತಬ್ಧವಾಗಿದ್ದ ಜೀವ, ಆ 0.25 ಮಿಲಿಲೀಟರಿನೊಳಗೆ ಮತ್ತೆ ಈಜುತ್ತಿದೆ. ಅದನ್ನು ಕೊಟ್ಟ ಹೋರಿ ಇಷ್ಟರಲ್ಲಿ ಸತ್ತೇ ಹೋಗಿರಬಹುದು. ಆಸ್ಟ್ರೇಲಿಯಾದಲ್ಲಿ 1968ರಲ್ಲಿ ಹೆಪ್ಪುಗಟ್ಟಿಸಿಟ್ಟ ಟಗರಿನ ವೀರ್ಯವನ್ನು 50 ವರ್ಷದ ಮೇಲೆ ತೆಗೆದು ಹಾಕಿದಾಗ 56 ಕುರಿಗಳಲ್ಲಿ 34 ಗಬ್ಬ ಕಟ್ಟಿದವು!

ಚಳಿಯಲ್ಲಿ ಜೀವಕೋಶವನ್ನು ಕೊಲ್ಲುವುದು ಮಂಜಿನ ಹರಳು. ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಬದುಕುತ್ತದೆಂದು ಇಂಗ್ಲೆಂಡಿನ ವಿಜ್ಞಾನಿಗಳು 1949ರಲ್ಲಿ ಕಂಡುಕೊಂಡರು. ಕೋಲಾರದ ಹೈನು ಇಂದು ನಿಂತಿರುವುದು ಆ ಉಪಾಯದ ಮೇಲೆಯೇ.

ಹಾಗಾದರೆ ಮನುಷ್ಯ? ಅಮೆರಿಕದ ಜೇಮ್ಸ್ ಬೆಡ್‌ಫೋರ್ಡ್ ಅವರ ದೇಹವನ್ನು 1967ರಲ್ಲಿ, ಸತ್ತ ಕೂಡಲೇ, ಹೀಗೇ ತಣ್ಣಗಾಗಿಸಿ ಇಟ್ಟರು. ಅರಿಜೋನಾದಲ್ಲಿ ಅದು ಈಗಲೂ ಇದೆ. ಅವರಾಗಲಿ, ಅವರ ನಂತರ ಹೀಗೆ ಇಡಲಾದವರಾಗಲಿ, ಒಬ್ಬರೂ ಎದ್ದಿಲ್ಲ. ನೀರಿನಲ್ಲಿರುವ ಕಡ್ಡಿಯನ್ನೇ ನೋಡಿ, ಕಾರಣ ತಿಳಿಯುತ್ತದೆ. ಅದು ತೆಳ್ಳಗಿದೆ, ಬಿಸಿ ಒಮ್ಮೆಲೇ ಒಳಗೆಲ್ಲ ಮುಟ್ಟುತ್ತದೆ. ದಪ್ಪ ಅಂಗದಲ್ಲಿ ಹೊರಗು ಕರಗಿದರೂ ಒಳಗು ಕರಗದು. ಬಿರುಕು ಬಿಡುತ್ತದೆ, ಮಂಜು ಮತ್ತೆ ಹುಟ್ಟುತ್ತದೆ.

ಮಿನೆಸೋಟ ವಿಶ್ವವಿದ್ಯಾಲಯದವರು ಇಲ್ಲೇ ತಲೆ ಓಡಿಸಿದರು. ಇಲಿಯ ಮೂತ್ರಪಿಂಡದ ರಕ್ತನಾಳಗಳಿಗೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣ ತುಂಬಿ, ಹೊರಗಿನ ಕಾಂತಕ್ಷೇತ್ರದಿಂದ ಆ ಕಣಗಳನ್ನೇ ಕಾಯಿಸಿದರು. 100 ದಿನದವರೆಗೆ ಶೀತದಲ್ಲಿದ್ದ ಮೂತ್ರಪಿಂಡಗಳು ಇನ್ನೊಂದು ಇಲಿಯ ಹೊಟ್ಟೆಯಲ್ಲಿ ಕೆಲಸ ಮಾಡಿದವು. ಇದು ಪ್ರಕಟವಾದದ್ದು 2023ರಲ್ಲಿ.

ಇತ್ತ ಕೊಟ್ಟಿಗೆಯಲ್ಲಿ, ಹಸುವಿಗೆ ವೀರ್ಯ ಹಾಕಿ ಮುಗಿಸಿದ ಡಾಕ್ಟರು ಕೈಗವಸು ಕಳಚುತ್ತಿದ್ದಾರೆ. "21 ದಿನ ನೋಡಿ, ಮತ್ತೆ ಬೆದೆಗೆ ಬಂದ್ರೆ ಫೋನ್ ಮಾಡಿ."

ಇಡೀ ದೇಹವನ್ನು ಕಾದಿಡುವ ಕನಸಿಗಿಂತ ಅಂಗವನ್ನು ಕಾದಿಡುವ ಈ ದಾರಿಗೇ ಹಣ, ಬುದ್ಧಿ ಎರಡೂ ಹರಿಯಬೇಕು. ಇಂದು ದಾನವಾಗಿ ಬಂದ ಮೂತ್ರಪಿಂಡ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಾಳುವುದು ಒಂದು, ಒಂದೂವರೆ ದಿನ ಮಾತ್ರ. ಅದನ್ನು ತಿಂಗಳುಗಟ್ಟಲೆ ಇಡಲು ಸಾಧ್ಯವಾದರೆ, ಡಯಾಲಿಸಿಸ್‌ ಮೇಲೆ ಬದುಕಿರುವ ಎಷ್ಟೋ ಜನರ ಆಯುಸ್ಸು ನಿಜವಾಗಿಯೂ ಹೆಚ್ಚುತ್ತದೆ.