ಬಿದ್ದರೆ ನೋಯದ ಹಿಮ

ಪ್ರೀತಿಯ ಪುಟ್ಟಿ,

ಫೆಬ್ರವರಿಯಲ್ಲಿ ಗುಲ್ಮಾರ್ಗಿಗೆ ಹೊರಟಿದ್ದೀಯ ಎಂದು ಓದಿ ಬಹಳ ಸಂತೋಷವಾಯಿತು. ಔಲಿಯ ಗಟ್ಟಿ ಹಿಮದ ಮೇಲೆ ಚೆನ್ನಾಗಿ ತಿರುಗಲು ಕಲಿತೆ, ಈಗ ಆಳದ ಪುಡಿಹಿಮದಲ್ಲಿ ಇಳಿಯುವ ಆಸೆ. ಖಂಡಿತ ಇಳಿ. ಆ ಸುಖಕ್ಕೆ ಸಾಟಿಯಾದದ್ದು ನನಗಂತೂ ಬೇರೆ ಸಿಕ್ಕಿಲ್ಲ.

ಔಲಿಯಲ್ಲಿ ಹೊರಗಾಲಿನ ಮೇಲೆ ಭಾರ ಹಾಕಿ ತಿರುಗುತ್ತಿದ್ದೆಯಲ್ಲ, ಅದನ್ನು ಇಲ್ಲಿ ಬಿಡಬೇಕು. ಮೊಣಕಾಲುದ್ದದ ಹಿಮದಲ್ಲಿ ಭಾರ ಬಿದ್ದ ಸ್ಕೀ ಮುಳುಗುತ್ತದೆ, ಹಗುರಾದದ್ದು ತೇಲಿ ತನ್ನ ದಾರಿ ಹಿಡಿಯುತ್ತದೆ. ಪಾದಗಳನ್ನು ಹತ್ತಿರ ಇಟ್ಟುಕೊಂಡು ಎರಡರ ಮೇಲೂ ಹೆಚ್ಚು ಕಡಿಮೆ ಸಮನಾಗಿ ನಿಲ್ಲು. ‘ಹಿಂದಕ್ಕೆ ವಾಲಿಕೋ, ಸ್ಕೀ ತುದಿ ಮೇಲೇಳುತ್ತೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡ. ತೊಡೆ ಉರಿಯುತ್ತದೆ, ಸ್ಕೀ ಮಾತು ಕೇಳುವುದಿಲ್ಲ. ಪಾದದ ನಡುಭಾಗದ ಮೇಲೆ ನಿಂತು, ಕೈ ಮುಂದಿಟ್ಟು, ಮಂಡಿ ಬಾಗಿಸಿ ಎರಡೂ ಸ್ಕೀಗಳನ್ನು ಒಟ್ಟಿಗೆ ಒತ್ತು. ಅಡಿಯ ಹಿಮ ಅದುಮಿಕೊಂಡು ನಿನ್ನನ್ನು ಮೇಲಕ್ಕೆ ತಳ್ಳುತ್ತದೆ. ಹಾಗೆ ಹಗುರಾದ ಕ್ಷಣದಲ್ಲೇ ತಿರುಗಬೇಕು. ಉಯ್ಯಾಲೆ ಜೀಕುವಾಗ ಕಾಲಿಗೆ ತಾನಾಗಿ ತಿಳಿಯುವ ಲಯವೇ ಇದು. ಅವಸರದಿಂದ ಸ್ಕೀ ತಿರುಚಬೇಡ, ತಿರುವು ದುಂಡಗೆ ತಾನೇ ಬರಲಿ. ತೀರ ಮಟ್ಟದ ಜಾಗದಲ್ಲಿ ಕಲಿಯಲು ಹೋಗಿ ಹೂತು ನಿಲ್ಲಬೇಡ. ಸ್ವಲ್ಪ ವೇಗವಿದ್ದರೇ ಸ್ಕೀ ತೇಲುವುದು. ಬಾಡಿಗೆಗೆ ಪಡೆಯುವಾಗ ನಡುವಿನ ಅಗಲ 100 ಮಿಲಿಮೀಟರಿಗಿಂತ ಹೆಚ್ಚಿರುವ ಜೋಡಿ ಕೇಳು.

ಬೀಳುತ್ತೀಯ, ನೋಯುವುದು ಕಡಿಮೆ. ಏಳುವುದೇ ಕಷ್ಟ, ಊರಿದ ಕೈ ಹೆಗಲವರೆಗೂ ಇಳಿದುಬಿಡುತ್ತದೆ. ಎರಡು ಕೋಲುಗಳನ್ನು ಹಿಮದ ಮೇಲೆ ಅಡ್ಡಡ್ಡ ಮಲಗಿಸಿ, ಅವು ಕೂಡುವ ಜಾಗದಲ್ಲಿ ಕೈಯೂರಿ ಏಳು. ಕಳಚಿದ ಸ್ಕೀಯನ್ನು ನೀನು ನಿಂತಲ್ಲಿಗಿಂತ ಮೇಲೆ ಹುಡುಕು, ಅದು ಸಾಮಾನ್ಯವಾಗಿ ಅಲ್ಲೇ ಹೂತಿರುತ್ತದೆ.

ನನ್ನ ಭಯವೆಲ್ಲ ಈ ನೋಯದಿರುವುದರ ಬಗ್ಗೆಯೇ. ನೂರು ಸಲ ಬಿದ್ದರೂ ಏನೂ ಆಗದಾಗ, ಈ ಹಿಮ ಎಲ್ಲವನ್ನೂ ಮನ್ನಿಸುತ್ತದೆ ಎಂದು ಮೈ ನಂಬಿಬಿಡುತ್ತದೆ. ಬಿದ್ದದ್ದನ್ನು ಅದು ಮನ್ನಿಸುತ್ತದೆ, ತಪ್ಪು ಇಳಿಜಾರಿಗೆ ಕಾಲಿಟ್ಟದ್ದನ್ನು ಮನ್ನಿಸುವುದಿಲ್ಲ. ಗುಲ್ಮಾರ್ಗಿನ ಗೊಂಡೊಲಾ ರೋಪ್‌ವೇಯ ಎರಡನೇ ಹಂತ ನಿನ್ನನ್ನು ಅಫರ್ವಾಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಸುತ್ತ ಒಂದು ಗೆರೆಯೂ ಮೂಡದ ಇಳಿಜಾರುಗಳು. ಆಸೆ ಹುಟ್ಟಿಸುವ ಇಳಿಜಾರು ಸಾಮಾನ್ಯವಾಗಿ 30ರಿಂದ 45 ಡಿಗ್ರಿಯದು, ಹಿಮಪಾತಗಳು ಹೆಚ್ಚಾಗಿ ಹೊರಡುವುದೂ ಅಲ್ಲಿಂದಲೇ. ಚಿಲ್ಲೈ ಕಲಾನ್ ಎಂಬ ಕಡುಚಳಿಯ 40 ದಿನಗಳಲ್ಲಿ, ಶುಭ್ರ ಆಕಾಶದ ಕೊರೆವ ರಾತ್ರಿಗಳಲ್ಲಿ, ತೆಳುವಾಗಿ ಬಿದ್ದ ಹಳೆಯ ಹಿಮದೊಳಗೆ ಒಂದಕ್ಕೊಂದು ಅಂಟದ ಒರಟು ಹರಳುಗಳು ಬೆಳೆಯಬಹುದು. ಆಮೇಲೆ ಪಶ್ಚಿಮದ ಮಾರುತಗಳು ಹೊಸ ಹಿಮ ಸುರಿಸುತ್ತವೆ, ಗಾಳಿ ಅದನ್ನು ಒಟ್ಟಿ ಹಾಸುಗಲ್ಲಿನಂತೆ ಬಿಗಿಯುತ್ತದೆ. ಆ ಹಾಸು ಸಡಿಲ ಹರಳುಗಳ ಮೇಲೆ ಕೂತಿರುತ್ತದೆ. ಅದನ್ನು ಜಾರಿಸಲು ನಿನ್ನೊಬ್ಬಳ ಭಾರ ಸಾಕು. ಸ್ಕೀಗಾರರು ಸಿಕ್ಕಿಕೊಳ್ಳುವ ಹಿಮಪಾತಗಳಲ್ಲಿ ಬಹುಪಾಲು ಅವರಿಂದಲೋ ಜತೆಯವರಿಂದಲೋ ಶುರುವಾದವೇ.

2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಬಳಿಯ ಖಿಲನ್‌ಮಾರ್ಗಿನಲ್ಲಿ ಹಿಮಪಾತಕ್ಕೆ ಸಿಕ್ಕಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನ 17 ಸೈನಿಕರು ತೀರಿಕೊಂಡರು. ಹಿಮದಲ್ಲೇ ತರಬೇತಿ ಪಡೆಯುತ್ತಿದ್ದವರು, ಪುಟ್ಟಿ. 2023ರಲ್ಲಿ ಅಫರ್ವಾಟಿನ ಮೇಲೆ ಪೋಲೆಂಡಿನ ಇಬ್ಬರು ಸ್ಕೀಗಾರರು. ಇದನ್ನೆಲ್ಲ ನಿನ್ನನ್ನು ತಡೆಯಲು ಬರೆಯುತ್ತಿಲ್ಲ. ಬೆಳಿಗ್ಗೆ ಸ್ಕೀ ಪ್ಯಾಟ್ರೋಲಿನವರು ಬೇಡ ಎಂದರೆ ಆ ದಿನ ಗೊಂಡೊಲಾದ ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯ ಕೆಳಗೇ ಆಡಿಕೊಂಡಿರು ಎಂದಷ್ಟೇ ಕೇಳುತ್ತಿದ್ದೇನೆ. ಕಾಲಡಿಯಲ್ಲಿ ‘ವುಂಫ್’ ಎಂದು ಹಿಮ ಕುಸಿದ ಸದ್ದು ಕೇಳಿದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಮುಂದೆ ಹೋಗಬೇಡ. ಸಂಶಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ. ದೇವದಾರು ಜಾತಿಯ ಮರಗಳ ಬುಡದಲ್ಲಿ ಹಿಮದೊಳಗೆ ಟೊಳ್ಳು ಗುಂಡಿಗಳಿರುತ್ತವೆ, ತಲೆಕೆಳಗಾಗಿ ಬಿದ್ದರೆ ಒಬ್ಬಳೇ ಏಳಲಾಗದು. ಕಾಡಿನಲ್ಲಿ ಜತೆಯವರನ್ನು ಕಣ್ಣಳತೆ ಮೀರಿ ಬಿಡಬೇಡ.

ಹೂತವರನ್ನು ಮೊದಲ ಹತ್ತು ನಿಮಿಷದಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ಕಳೆದರೆ ಆಸೆ ತೀರ ಕಡಿಮೆ. ಆದ್ದರಿಂದ ಉಳಿಸುವವರು ಪಕ್ಕದಲ್ಲಿದ್ದವರೇ. ಹೂತವರ ಸುಳಿವು ಕೊಡುವ ನನ್ನ ಟ್ರಾನ್ಸೀವರ್, ಪ್ರೋಬ್ ಕೋಲು, ಸಲಿಕೆ ಮೂರನ್ನೂ ಈ ವಾರವೇ ಕಳಿಸುತ್ತೇನೆ. ಹೊಸ ಆಲ್ಕಲೈನ್ ಬ್ಯಾಟರಿ ಹಾಕು. ಜತೆಯವರಿಗೂ ಮೂರೂ ಇರಲೇಬೇಕು. ಮೊದಲ ದಿನ ಬಯಲಿನಲ್ಲಿ ಒಬ್ಬರು ಟ್ರಾನ್ಸೀವರ್ ಹೂತು ಇನ್ನೊಬ್ಬರು ಹುಡುಕಿ ಅಗೆಯಿರಿ, ಕೈ ಪಳಗುವವರೆಗೂ. ನಿನ್ನ ಗೈಡ್ ಯಾರು, ಜತೆಗೆ ಯಾರು ಬರುತ್ತಾರೆ ಎಂದು ಟಿಕೆಟ್ ಮಾಡಿಸುವ ಮುಂಚೆಯೇ ಬರೆ. ಅಮ್ಮನಿಗೆ ನಾನೇ ಹೇಳುತ್ತೇನೆ.

ನಿನ್ನ ಅಕ್ಕ